ರೋಗದ ಗುರುತು ಹೇಳುವ ಬೆಳಕು

ಒಂದು ಮಳೆಗಾಲದಲ್ಲಿ ನಮ್ಮ ನೆರೆಮನೆಯ ಹುಡುಗನೊಬ್ಬನ ಕೆಮ್ಮು ಮೂರು ವಾರವಾದರೂ ನಿಲ್ಲಲಿಲ್ಲ. ಊರಿಗೆ ಸುದ್ದಿ ಮುಟ್ಟಿದರೆ ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಅವನು ಬಾಯಿ ಬಿಡಲೊಲ್ಲ. ಕೊನೆಗೆ ನಾವೇ ಸರಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಬೆಳಿಗ್ಗೆ ಕೊಟ್ಟ ಕಫದ ವರದಿ ಸಂಜೆಗೇ ಬಂತು: ಕ್ಷಯ ಇದೆ, ಆದರೆ ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ರೋಗಾಣು ಬಗ್ಗುತ್ತದೆ. ಹಿಂದೆ ರೋಗಾಣುವನ್ನು ಬೆಳೆಸಿ ಇಷ್ಟನ್ನು ತಿಳಿಯಲು ವಾರಗಟ್ಟಲೆ ಕಾಯಬೇಕಿತ್ತು. ಈಗ ಒಂದೇ ದಿನದಲ್ಲಿ ತಿಳಿದದ್ದು ಹೇಗೆ? ಕಾಲೇಜಿನಲ್ಲಿ ಕಲಿತ ವಿಜ್ಞಾನ ಕಚೇರಿಯ ಕಡತಗಳಡಿ ಹೂತುಹೋಗಿದ್ದರೂ ಕುತೂಹಲ ನಮ್ಮನ್ನು ಸುಮ್ಮನಿರಗೊಡಲಿಲ್ಲ. ಹುಡುಕಿದಾಗ ದೊರೆತ ಕಥೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಕಥೆಯ ಆರಂಭ ಚಳಿಜ್ವರದ ಕ್ವಿನೈನಿನಲ್ಲಿದೆ. ಕ್ವಿನೈನ್ ದ್ರಾವಣವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಸೂಸುತ್ತದೆಂದು 1852ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಸ್ಟೋಕ್ಸ್ ವಿವರಿಸಿದರು. ಇದೇ ಪ್ರತಿದೀಪ್ತಿ.

ನೂರು ವರ್ಷಗಳ ತರುವಾಯ, 1953ರಲ್ಲಿ, ವಾಟ್ಸನ್ ಮತ್ತು ಕ್ರಿಕ್ ಡಿ.ಎನ್.ಎ.ಯ ಜೋಡಿ ಎಳೆಗಳ ರಚನೆಯನ್ನು ತೋರಿಸಿಕೊಟ್ಟರು. ಅದರ ನಾಲ್ಕು ಅಕ್ಷರಗಳಲ್ಲಿ 'ಎ'ಗೆ 'ಟಿ'ಯೇ ಜೋಡಿ, 'ಜಿ'ಗೆ 'ಸಿ'ಯೇ ಜೋಡಿ. 1967ರಲ್ಲಿ ಫ್ರಾನ್ಸಿನ ಲೆಪೆಕ್ ಮತ್ತು ಪಾವೊಲೆಟ್ಟಿ, ಎಥಿಡಿಯಂ ಬ್ರೋಮೈಡ್ ಎಂಬ ಬಣ್ಣ ಡಿ.ಎನ್.ಎ.ಯೊಳಗೆ ಸೇರಿದಾಗ ಪ್ರಖರವಾಗಿ ಹೊಳೆಯುವುದನ್ನು ಪ್ರಕಟಿಸಿದರು. ಆದರೆ ಅದಕ್ಕೆ ಮನುಷ್ಯನ ಡಿ.ಎನ್.ಎ.ಯೂ ಒಂದೇ, ರೋಗಾಣುವಿನದೂ ಒಂದೇ. ನಮ್ಮ ಕಚೇರಿಯ ಮಾತಿನಲ್ಲಿ ಹೇಳುವುದಾದರೆ, ಕೋಣೆಯಲ್ಲಿ ಕಡತಗಳಿವೆಯೆಂದು ತಿಳಿಯಿತು. ಬೇಕಾದ ಕಡತ ಯಾವುದೆಂದು ತಿಳಿಯಲಿಲ್ಲ.

ಆ ಕೊರತೆಯನ್ನು 1996ರಲ್ಲಿ ನೀಗಿದವರು ನ್ಯೂಯಾರ್ಕಿನ ಸಂಜಯ್ ತ್ಯಾಗಿ ಮತ್ತು ಫ್ರೆಡ್ ಕ್ರಾಮರ್. ಹೆಂಗಸರ ಹೇರ್‌ಪಿನ್ನಿನಂತೆ ಬಾಗಿದ ಡಿ.ಎನ್.ಎ. ತುಣುಕೊಂದನ್ನು ಅವರು ರೂಪಿಸಿದರು. ಒಂದು ತುದಿಯಲ್ಲಿ ಹೊಳೆಯುವ ಅಣು, ಮತ್ತೊಂದರಲ್ಲಿ ಆ ಹೊಳಪನ್ನು ನುಂಗುವ ಅಣು. ಮಡಿಸಿಕೊಂಡಿರುವಾಗ ಬೆಳಕಿಲ್ಲ. ನಡುವಿನ ಬಾಗಿಗೆ ಸರಿಯಾದ ಜೋಡಿ ಅಕ್ಷರಗಳು ದೊರೆತೊಡನೆ ಪಿನ್ನು ಬಿಚ್ಚಿ ತುದಿಗಳು ದೂರವಾಗುತ್ತವೆ, ಬೆಳಕು ಬರುತ್ತದೆ. ಶಾಖ ತಕ್ಕಷ್ಟಿದ್ದರೆ, ಒಂದೇ ಅಕ್ಷರ ತಪ್ಪಿದರೂ ಅದು ಬಿಚ್ಚಿಕೊಳ್ಳದು! ಇದನ್ನು ಅಣುದೀಪವೆಂದು ಕರೆಯೋಣ.

2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಕ್ಷಯ ಪರೀಕ್ಷೆಯಲ್ಲಿ ಇಂಥ ಐದು ದೀಪಗಳಿದ್ದವು. ಯಂತ್ರವು ಮೊದಲು ರೋಗಾಣುವಿನ ಒಂದು ತುಣುಕಿಗೆ ಅಸಂಖ್ಯ ಪ್ರತಿಗಳನ್ನು ತೆಗೆಯುತ್ತದೆ. ರಿಫಾಂಪಿಸಿನ್‌ಗೆ ಬಗ್ಗದ ರೋಗಾಣುಗಳಲ್ಲಿ ಬಹುತೇಕ ಮಾರ್ಪಾಡುಗಳು 81 ಅಕ್ಷರಗಳ ಆ ತುಣುಕಿನಲ್ಲೇ ಇರುತ್ತವೆ. ಐದೂ ಹೊತ್ತಿದರೆ ಕ್ಷಯವಿದೆ, ಔಷಧಿ ನಾಟುತ್ತದೆ. ಒಂದು ಹೊತ್ತದೆ ಉಳಿದರೆ ರೋಗಾಣು ಆ ಔಷಧಿಗೆ ಬಗ್ಗದು, ಬೇರೆ ಔಷಧಿ ಬೇಕು. ಉರಿದ ದೀಪದಷ್ಟೇ ಉರಿಯದ ದೀಪವೂ ಸುದ್ದಿ ಹೇಳುತ್ತದೆ. ಇದೆಲ್ಲ ಎರಡು ಗಂಟೆಯೊಳಗಿನ ಕೆಲಸ.

ನಮಗೆ ಹೆಮ್ಮೆಯ ಮಾತೊಂದಿದೆ. ಪ್ರತಿದೀಪ್ತಿಯನ್ನೇ ಬಳಸುವ, ಬ್ಯಾಟರಿಯಿಂದಲೂ ನಡೆಯುವ 'ಟ್ರೂನ್ಯಾಟ್' ಎಂಬ ಪುಟ್ಟ ಯಂತ್ರಕ್ಕೆ 2020ರಲ್ಲಿ ಅದೇ ಸಂಸ್ಥೆಯ ಮನ್ನಣೆ ದೊರೆಯಿತು. ಗೋವೆಯ ಮೋಲ್‌ಬಯೋ ಕಂಪನಿಯ ಈ ಯಂತ್ರ ರೂಪುಗೊಂಡದ್ದು ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ.

ಆ ಹುಡುಗ ಆರು ತಿಂಗಳು ತಪ್ಪದೆ ಮಾತ್ರೆ ನುಂಗಿ ಗುಣವಾದ. ತಂಗಿಯ ಮದುವೆಯೂ ನಿಲ್ಲಲಿಲ್ಲ. ಅದರ ಊಟ ನಾವೂ ಉಂಡು ಬಂದೆವು. ಎರಡು ವಾರ ಮೀರಿದ ಕೆಮ್ಮನ್ನು ಮರ್ಯಾದೆಗಂಜಿ ಮುಚ್ಚಿಡಬೇಡಿ. ಸರಕಾರಿ ಕೇಂದ್ರದಲ್ಲಿ ಪರೀಕ್ಷೆಗೂ ಔಷಧಿಗೂ ಹಣವಿಲ್ಲ. ವಿಜ್ಞಾನ ದೀಪ ಹಚ್ಚಿ ಕಾದಿದೆ. ಬಾಗಿಲವರೆಗೆ ಹೋಗಬೇಕಾದವರು ನಾವು.