ಕೃಷಿ ಪದವಿ ಪ್ರವೇಶ: ಕಾಲೇಜು ಆವರಣದ ಭೇಟಿ ಹಾಗೂ ಹೋಲಿಕೆ – ಬೇಗೂರು ಭಾಗದ ರೈತ ಕುಟುಂಬಗಳಿಗೆ ಮಾರ್ಗದರ್ಶಿ

ಬೇಗೂರು ಹಾಗೂ ಎಲೆಕ್ಟ್ರಾನಿಕ್ ಸಿಟಿ ಸುತ್ತಮುತ್ತ ಅಳಿದುಳಿದ ಜಮೀನಿನಲ್ಲಿ ಬೇಸಾಯ ಮುಂದುವರಿಸಿರುವ ಕುಟುಂಬಗಳ ಮಕ್ಕಳು ಕೃಷಿ ಪದವಿಗೆ ಸೇರಬಯಸುವುದು ಸಂತೋಷದ ಸಂಗತಿ. ಆದರೆ ನಾಲ್ಕು ವರ್ಷ ಕಳೆಯಬೇಕಾದ ಕಾಲೇಜನ್ನು ಒಮ್ಮೆಯೂ ನೋಡದೆ ಆಯ್ಕೆ ಪಟ್ಟಿ ತುಂಬಿದರೆ ಮುಂದೆ ತೊಂದರೆಯಾಗಬಹುದು. ಆದ್ದರಿಂದ ಪಟ್ಟಿ ಸಲ್ಲಿಸುವ ಮುನ್ನವೇ ಭೇಟಿ ಮುಗಿಸಿಕೊಳ್ಳುವುದು ಸೂಕ್ತ.

ಭೇಟಿಯ ಅಗತ್ಯ

ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ರ‍್ಯಾಂಕ್ ಹಾಗೂ ನೀವು ಬರೆದ ಆದ್ಯತೆಯ ಅನುಕ್ರಮವನ್ನು ನೋಡಿ ಸೀಟು ಹಂಚುತ್ತದೆ. ಮೇಲಿನ ಆಯ್ಕೆ ದೊರೆತರೆ ಅದರ ಕೆಳಗಿನವು ತಾನಾಗಿಯೇ ರದ್ದಾಗುತ್ತವೆ. ಕೃಷಿ ಪದವಿಯ ಪಠ್ಯಕ್ರಮವು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಮಾದರಿಯನ್ನು ಆಧರಿಸಿರುವುದರಿಂದ ಪಾಠಗಳು ಎಲ್ಲೆಡೆ ಬಹುಪಾಲು ಒಂದೇ. ವ್ಯತ್ಯಾಸವಿರುವುದು ಕ್ಷೇತ್ರ, ಪ್ರಯೋಗಾಲಯ, ವಸತಿ ನಿಲಯ ಮತ್ತು ದೂರದಲ್ಲಿ. ಇವು ಸ್ವತಃ ನೋಡಿದರೆ ಮಾತ್ರ ತಿಳಿಯುತ್ತವೆ.

ಭೇಟಿಗೆ ಸೂಕ್ತ ಸಮಯ

ಸಿಇಟಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ಪರೀಕ್ಷೆ ಮುಗಿದ ನಂತರ, ಆಪ್ಷನ್ ಎಂಟ್ರಿ ಆರಂಭವಾಗುವ ಮೊದಲು ಭೇಟಿ ನೀಡಿ. ತರಗತಿ ನಡೆಯುವ ದಿನವನ್ನೇ ಆರಿಸಿಕೊಳ್ಳಿ. ಸೆಮಿಸ್ಟರ್ ರಜೆ ಇದೆಯೇ ಎಂದು ಡೀನ್ ಕಚೇರಿಗೆ ಕರೆ ಮಾಡಿ ಮೊದಲೇ ತಿಳಿದುಕೊಳ್ಳಿ. ಜಿಕೆವಿಕೆಯಲ್ಲಿ ನವೆಂಬರ್‌ನಲ್ಲಿ ನಡೆಯುವ ಕೃಷಿ ಮೇಳವು ತಳಿ ಮತ್ತು ಯಂತ್ರಗಳನ್ನು ನೋಡಲು ಒಳ್ಳೆಯ ಅವಕಾಶ. ಆದರೆ ಮೇಳದ ಜನಸಂದಣಿಯಲ್ಲಿ ತರಗತಿ, ಪ್ರಯೋಗಾಲಯ, ಊಟದ ಮನೆಗಳ ನಿತ್ಯದ ಸ್ಥಿತಿ ಕಾಣುವುದಿಲ್ಲ.

ಒಂದೇ ದಿನದಲ್ಲಿ: ಹೆಬ್ಬಾಳ ಮತ್ತು ಜಿಕೆವಿಕೆ

ಬಳ್ಳಾರಿ ರಸ್ತೆಯಲ್ಲಿ ಮೂರು ವಿಶ್ವವಿದ್ಯಾಲಯಗಳ ಕಾಲೇಜುಗಳನ್ನು ಒಂದೇ ದಿನದಲ್ಲಿ ನೋಡಬಹುದು.

• ಹೆಬ್ಬಾಳ: ಪಶುವೈದ್ಯಕೀಯ ಕಾಲೇಜು ಮತ್ತು ಹೈನು ವಿಜ್ಞಾನ ಕಾಲೇಜು (ಬೀದರ್‌ನ ಪಶು ವಿಶ್ವವಿದ್ಯಾಲಯ). ಪಶುವೈದ್ಯಕೀಯ ಪದವಿಗೆ ಐದೂವರೆ ವರ್ಷ ಬೇಕು.
• ಜಿಕೆವಿಕೆ: ಕೃಷಿ ಮತ್ತು ಕೃಷಿ ಎಂಜಿನಿಯರಿಂಗ್ ಕಾಲೇಜುಗಳು (1964ರಲ್ಲಿ ಸ್ಥಾಪನೆಯಾದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ).
• ಅದೇ ಆವರಣದಲ್ಲಿರುವ ತೋಟಗಾರಿಕೆ ಕಾಲೇಜು (ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ).

ಆವರಣ ಒಂದೇ ಆದರೂ ವಿಶ್ವವಿದ್ಯಾಲಯ ಬೇರೆಯಾದ್ದರಿಂದ ಶುಲ್ಕ ಮತ್ತು ವಸತಿ ನಿಲಯದ ನಿಯಮಗಳನ್ನು ಪ್ರತ್ಯೇಕವಾಗಿ ವಿಚಾರಿಸಿ.

ಬೇಗೂರಿನಿಂದ ಹೊರಡುವವರು ಹೊಸೂರು ರಸ್ತೆಯ ಹಳದಿ ಮೆಟ್ರೊ ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿಂದ ಬಿಎಂಟಿಸಿ ಬಸ್ಸಿನಲ್ಲಿ ಹೋಗಬಹುದು. ಬೆಳಗಿನ ತರಗತಿಗೆ ತಲುಪುವ ಹೊತ್ತಿಗೇ ಹೊರಟು, ಸಂಜೆ ಜನದಟ್ಟಣೆಯ ವೇಳೆಯಲ್ಲೇ ಹಿಂತಿರುಗಿ. ಬೇಗೂರು ನಗರದ ದಕ್ಷಿಣದಲ್ಲಿದೆ, ಜಿಕೆವಿಕೆ ಉತ್ತರದ ಅಂಚಿನಲ್ಲಿದೆ. ಮನೆಯಿಂದಲೇ ಓಡಾಡಬಹುದೆಂದು ಈ ಕಾಲೇಜನ್ನು ಮೊದಲ ಆಯ್ಕೆಯಾಗಿ ಬರೆಯುವವರು ಪ್ರಯಾಣಕ್ಕೆ ದಿನವೂ ತಗಲುವ ಸಮಯವನ್ನು ಲೆಕ್ಕ ಹಾಕಲೇಬೇಕು. ನಗರದ ವಿಳಾಸವಿರುವ ವಿದ್ಯಾರ್ಥಿಗೆ ವಸತಿ ನಿಲಯದಲ್ಲಿ ಸ್ಥಳ ದೊರೆಯುವುದೇ ಎಂಬ ಪ್ರಶ್ನೆಯನ್ನೂ ಮರೆಯದೆ ಕೇಳಿ.

ಹೊರ ಜಿಲ್ಲೆಯ ಕಾಲೇಜುಗಳು

ಮಂಡ್ಯದ ವಿ.ಸಿ. ಫಾರಂನಲ್ಲಿ ನೀರಾವರಿ ಭತ್ತ ಮತ್ತು ಕಬ್ಬಿನ ಬೇಸಾಯವನ್ನು ಹತ್ತಿರದಿಂದ ಕಲಿಯಬಹುದು. ಚಿಂತಾಮಣಿಯ ಕಾಲೇಜಿನಲ್ಲಿ ರೇಷ್ಮೆಗೆ ಮಹತ್ವವಿದೆ. ಹಾಸನದ ಕಾರೆಕೆರೆ ಹಾಗೂ ಚಾಮರಾಜನಗರದಲ್ಲಿಯೂ ಕೃಷಿ ಕಾಲೇಜುಗಳಿವೆ. ವಸತಿ ನಿಲಯದಲ್ಲೇ ಇರಬೇಕಾದ ಪಕ್ಷದಲ್ಲಿ ಇವುಗಳನ್ನೂ ಜಿಕೆವಿಕೆಯೊಂದಿಗೆ ಸಮನಾಗಿ ತೂಗಿ ನೋಡಬೇಕು.

ಹೋಲಿಸಬೇಕಾದ ಅಂಶಗಳು

ಪ್ರತಿ ಕಾಲೇಜಿಗೆ ಒಂದು ಹಾಳೆ ಮೀಸಲಿಟ್ಟು, ಒಂದೇ ಪ್ರಶ್ನೆಗಳನ್ನು ಎಲ್ಲೆಡೆ ಕೇಳಿ, ಉತ್ತರವನ್ನು ಅಂದೇ ಬರೆದಿಡಿ.

1. ವಿದ್ಯಾರ್ಥಿಗಳು ತಾವೇ ಬೆಳೆ ಬೆಳೆಯಲು ತಾಕು ಕೊಡುತ್ತಾರೆಯೇ? ಆ ತಾಕಿಗೆ ನೀರಿನ ಸೌಲಭ್ಯವಿದೆಯೇ?
2. ಖಾಲಿ ಇರುವ ಬೋಧಕ ಹುದ್ದೆಗಳೆಷ್ಟು? ಯಾವ ವಿಷಯಕ್ಕೆ ಅತಿಥಿ ಉಪನ್ಯಾಸಕರಿದ್ದಾರೆ?
3. ಅಂತಿಮ ವರ್ಷದ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಯಾವ ಹಳ್ಳಿಗಳಿಗೆ ಕಳುಹಿಸುತ್ತಾರೆ?
4. ವಸತಿ ನಿಲಯದ ಕೊಠಡಿ, ಕುಡಿಯುವ ನೀರು, ಹೆಣ್ಣುಮಕ್ಕಳ ಸುರಕ್ಷತೆ ಹೇಗಿವೆ?
5. ಬೋಧನಾ ಶುಲ್ಕ, ಊಟದ ವೆಚ್ಚ, ಠೇವಣಿ ಸೇರಿ ವರ್ಷಕ್ಕೆ ಒಟ್ಟು ಎಷ್ಟಾಗುತ್ತದೆ?
6. ಕಳೆದ ವರ್ಷ ಪದವಿ ಪಡೆದವರು ಈಗ ಏನು ಮಾಡುತ್ತಿದ್ದಾರೆ?

ನಾಲ್ಕು ಮತ್ತು ಆರನೆಯ ಪ್ರಶ್ನೆಗಳನ್ನು ಕಚೇರಿಯಲ್ಲಿ ಮಾತ್ರವಲ್ಲದೆ ಹಿರಿಯ ವಿದ್ಯಾರ್ಥಿಗಳಲ್ಲಿಯೂ ಕೇಳಿ. ಖಾಸಗಿ ಕಾಲೇಜಾದರೆ ಐಸಿಎಆರ್ ಮಾನ್ಯತೆಯ ಪತ್ರ ಮತ್ತು ಅದರ ಅವಧಿಯನ್ನು ಕಣ್ಣಾರೆ ನೋಡಿ. ಮಾನ್ಯತೆ ಇಲ್ಲದಿದ್ದರೆ ಮುಂದೆ ಸ್ನಾತಕೋತ್ತರ ಪ್ರವೇಶಕ್ಕೆ ತೊಡಕಾಗಬಹುದು. ಭೇಟಿಯ ದಿನವೇ ಮುಂಗಡ ಹಣ ಕಟ್ಟಬೇಡಿ.

ಕೃಷಿಕರ ಕೋಟಾ

ಈ ಕೋಟಾ ಬಯಸುವವರಿಗೆ ಬೀಜ, ಗೊಬ್ಬರ, ಉಪಕರಣ ಮುಂತಾದವನ್ನು ಗುರುತಿಸುವ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಕಾಲೇಜಿನ ಬೆಳೆ ಸಂಗ್ರಹಾಲಯ ಹಾಗೂ ಕ್ಷೇತ್ರಗಳ ಭೇಟಿ ಇದಕ್ಕೂ ನೆರವಾಗುತ್ತದೆ. ಬೇಗೂರು ಭಾಗದವರು ಗಮನಿಸಬೇಕಾದ ಮುಖ್ಯ ವಿಷಯವೆಂದರೆ ಪಹಣಿ. ಕುಟುಂಬದ ಕೆಲವು ಸರ್ವೆ ನಂಬರುಗಳು ಭೂಪರಿವರ್ತನೆಯಾಗಿದ್ದರೆ, ಕೃಷಿ ಜಮೀನಾಗಿ ಉಳಿದಿರುವುದು ಯಾವುದು, ಅದು ಯಾರ ಹೆಸರಿನಲ್ಲಿದೆ ಎಂಬುದನ್ನು ಪರಿಶೀಲಿಸಿ, ನಾಡಕಚೇರಿಯಲ್ಲಿ ಕೃಷಿಕರ ಪ್ರಮಾಣಪತ್ರಕ್ಕೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸಿ. ಕೋಟಾದ ಪ್ರಮಾಣ ಮತ್ತು ಷರತ್ತುಗಳಿಗೆ ಆಯಾ ವರ್ಷದ ಪ್ರಾಧಿಕಾರದ ಮಾಹಿತಿ ಪುಸ್ತಕವನ್ನೇ ಆಧರಿಸಬೇಕು.

ಆಯ್ಕೆ ದಾಖಲಿಸುವಾಗ

ಹಾಳೆಗಳನ್ನು ಮುಂದಿಟ್ಟುಕೊಂಡು, ಮಗ ಅಥವಾ ಮಗಳೊಂದಿಗೆ ಕುಳಿತು ಅನುಕ್ರಮ ನಿರ್ಧರಿಸಿ. ಅಣಕು ಹಂಚಿಕೆಯ ಫಲಿತಾಂಶ ನೋಡಿ ತಿದ್ದುಪಡಿ ಮಾಡಲು ಅವಕಾಶವಿರುತ್ತದೆ. ಸೇರಲು ಮನಸ್ಸಿಲ್ಲದ ಕಾಲೇಜನ್ನು ಪಟ್ಟಿಯಲ್ಲಿ ಬರೆಯಬೇಡಿ. ಮನಸ್ಸಿರುವುದನ್ನು ರ‍್ಯಾಂಕ್ ಸಾಲದೆಂಬ ಅಂಜಿಕೆಯಿಂದ ಕೆಳಗೆ ತಳ್ಳಬೇಡಿ. ಮೇಲೆ ಬರೆದ ಕಾಲೇಜು ಸಿಗದಿದ್ದರೆ ಮುಂದಿನ ಆಯ್ಕೆಯನ್ನು ಪರಿಗಣಿಸುತ್ತಾರೆ, ಇದರಿಂದ ನಷ್ಟವಿಲ್ಲ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ: ರೈತ ಸಂಪರ್ಕ ಕೇಂದ್ರದ ವ್ಯಾಪ್ತಿಯಲ್ಲಿ ದ್ವಿತೀಯ ಪಿಯು ವಿಜ್ಞಾನ ಓದುತ್ತಿರುವ ರೈತರ ಮಕ್ಕಳನ್ನು ಡಿಸೆಂಬರ್ ವೇಳೆಗೇ ಗುರುತಿಸಿ, ಡೀನ್ ಕಚೇರಿಯ ಅನುಮತಿ ಪಡೆದು ಗುಂಪಾಗಿ ಕರೆದೊಯ್ಯುವುದು ಉತ್ತಮ. ಕಾಲೇಜಿನ ಮೆಟ್ಟಿಲನ್ನೇ ಹತ್ತಿರದ ಕುಟುಂಬಗಳಿಗೆ ಈ ನೆರವು ಬಹಳ ಮುಖ್ಯ.