ಅವಲಂಬಿತ ಡ್ರಾಪ್‌ಡೌನ್ ಪಟ್ಟಿ

ಅವಲಂಬಿತ ಡ್ರಾಪ್‌ಡೌನ್ ಪಟ್ಟಿ ಎಂದರೆ, ಗಣಕಯಂತ್ರದಲ್ಲಿ ತುಂಬುವ ನಮೂನೆಯೊಂದರಲ್ಲಿ ಮೊದಲ ಪಟ್ಟಿಯಿಂದ ಆರಿಸಿದ ಅಂಶಕ್ಕೆ ಅನುಗುಣವಾಗಿ ತನ್ನ ಆಯ್ಕೆಗಳನ್ನು ಬದಲಿಸಿಕೊಳ್ಳುವ ಎರಡನೆಯ ಪಟ್ಟಿ. ಜಿಲ್ಲೆಯ ಹೆಸರನ್ನು ಆರಿಸಿದೊಡನೆ ಆ ಜಿಲ್ಲೆಯ ತಾಲ್ಲೂಕುಗಳು ಮಾತ್ರ ಮುಂದಿನ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಇದಕ್ಕೆ ಸುಪರಿಚಿತ ಉದಾಹರಣೆ. ಜಾಲತಾಣಗಳ ಅರ್ಜಿಗಳಲ್ಲಿ ಇದು ಸರ್ವೇಸಾಮಾನ್ಯ. ಮೈಕ್ರೋಸಾಫ್ಟ್ ವರ್ಡ್‌ನಂತಹ ಪದಸಂಸ್ಕಾರಕ ತಂತ್ರಾಂಶಗಳಲ್ಲಿ ಈ ಸೌಲಭ್ಯವು ಸಿದ್ಧರೂಪದಲ್ಲಿ ದೊರೆಯುವುದಿಲ್ಲ. ಮ್ಯಾಕ್ರೊ ಎಂಬ ಕಿರು ಆದೇಶಮಾಲೆಯನ್ನು ಬರೆದು ಅದನ್ನು ಸಾಧಿಸಬೇಕಾಗುತ್ತದೆ.

ಉದ್ದೇಶ

ಕಾಗದದ ಅರ್ಜಿಯಲ್ಲಿ ಊರು, ತಾಲ್ಲೂಕು, ಜಿಲ್ಲೆಗಳನ್ನು ಕೈಬರಹದಲ್ಲಿ ತುಂಬುವಾಗ ಒಂದೇ ಹೆಸರು ಹತ್ತು ರೂಪ ತಾಳುತ್ತದೆ. ಡ್ರಾಪ್‌ಡೌನ್ ಪಟ್ಟಿಯು ಕಾಗುಣಿತದ ಈ ವೈವಿಧ್ಯವನ್ನು ತಡೆಯುತ್ತದೆ. ಆದರೆ ಎರಡು ಸ್ವತಂತ್ರ ಪಟ್ಟಿಗಳಿದ್ದರೆ ಪ್ರತಿಯೊಂದು ಹೆಸರೂ ಸರಿಯಾಗಿದ್ದು, ಎರಡರ ಜೋಡಿ ಮಾತ್ರ ತಪ್ಪಾಗಿರುವ ಸಾಧ್ಯತೆ ಉಳಿಯುತ್ತದೆ. ‘ಕೊಡಗು ಜಿಲ್ಲೆ, ಸಾಗರ ತಾಲ್ಲೂಕು’ ಎಂಬ ನಮೂದಿನಲ್ಲಿ ಕಾಗುಣಿತದೋಷ ಇಲ್ಲ. ಆದರೂ ಆ ವಿಳಾಸಕ್ಕೆ ಹೊರಟ ಪತ್ರ ತಲುಪುವುದಿಲ್ಲ. ಹೊಸಹಳ್ಳಿಯಂತಹ ಹೆಸರಿನ ಗ್ರಾಮಗಳು ಅನೇಕ ತಾಲ್ಲೂಕುಗಳಲ್ಲಿ ಇರುವುದರಿಂದ, ಹೆಸರಿನ ಬಲದ ಮೇಲೆ ಸ್ಥಳವನ್ನು ಗುರುತಿಸುವುದೂ ಆಗದು. ಅವಲಂಬಿತ ಪಟ್ಟಿಯು ಇಂತಹ ಅಸಂಗತ ಜೋಡಿಯನ್ನು ಮೂಲದಲ್ಲಿಯೇ ತಡೆಯುತ್ತದೆ.

ಎಕ್ಸೆಲ್‌ನಲ್ಲಿ ‘ಡೇಟಾ ವ್ಯಾಲಿಡೇಷನ್’ ಸೌಲಭ್ಯದೊಡನೆ ‘ಇನ್‌ಡೈರೆಕ್ಟ್’ ಎಂಬ ಸೂತ್ರವನ್ನು ಬಳಸಿ, ಮ್ಯಾಕ್ರೊದ ಹಂಗಿಲ್ಲದೆ ಇದನ್ನು ರಚಿಸಬಹುದು. ವರ್ಡ್‌ನ ಪಟ್ಟಿಗಳಿಗೆ ಅಂತಹ ಸೂತ್ರಗಳನ್ನು ಜೋಡಿಸುವ ವ್ಯವಸ್ಥೆ ಇಲ್ಲ.

ವರ್ಡ್‌ನ ಎರಡು ಬಗೆಯ ಪಟ್ಟಿಗಳು

ವರ್ಡ್‌ನ ನಮೂನೆಗಳಲ್ಲಿ ಎರಡು ತಲೆಮಾರಿನ ಡ್ರಾಪ್‌ಡೌನ್ ಪಟ್ಟಿಗಳು ಬಳಕೆಯಲ್ಲಿವೆ. ಹಳೆಯದು ‘ಲೆಗಸಿ ಫಾರ್ಮ್ ಫೀಲ್ಡ್’. ಇದು ಕೆಲಸ ಮಾಡಬೇಕಾದರೆ ಕಡತವನ್ನು ‘ಫಿಲ್ಲಿಂಗ್ ಇನ್ ಫಾರ್ಮ್ಸ್’ ಎಂಬ ರಕ್ಷಣೆಗೆ ಒಳಪಡಿಸಬೇಕು. ಪ್ರತಿಯೊಂದು ಫೀಲ್ಡ್‌ಗೂ ಪ್ರವೇಶಿಸುವಾಗ ಒಂದು ಮ್ಯಾಕ್ರೊವನ್ನೂ ನಿರ್ಗಮಿಸುವಾಗ ಇನ್ನೊಂದನ್ನೂ ನಿಗದಿಪಡಿಸಲು ಅವಕಾಶವಿದೆ. ಇದರ ದೊಡ್ಡ ಮಿತಿಯೆಂದರೆ, ಒಂದು ಪಟ್ಟಿಯಲ್ಲಿ 25ಕ್ಕಿಂತ ಹೆಚ್ಚು ಅಂಶಗಳು ಹಿಡಿಯುವುದಿಲ್ಲ. ಕರ್ನಾಟಕದಲ್ಲಿ 31 ಜಿಲ್ಲೆಗಳಿವೆ. ಆದ್ದರಿಂದ ರಾಜ್ಯದ ಜಿಲ್ಲೆಗಳ ಪಟ್ಟಿಯೇ ಈ ಫೀಲ್ಡ್‌ನಲ್ಲಿ ಪೂರ್ತಿಯಾಗಿ ಕೂರದು. ಹೀಗಾದಾಗ ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಕಂದಾಯ ವಿಭಾಗಗಳನ್ನು ಮೊದಲ ಪಟ್ಟಿಯಾಗಿಸಿ, ವಿಭಾಗ, ಜಿಲ್ಲೆ, ತಾಲ್ಲೂಕು ಎಂಬ ಮೂರು ಮೆಟ್ಟಿಲುಗಳನ್ನು ಕಟ್ಟಿಕೊಳ್ಳುವುದು ಒಂದು ಪರಿಹಾರ. ಯಾವ ವಿಭಾಗದಲ್ಲಿಯೂ ಒಂಬತ್ತಕ್ಕಿಂತ ಹೆಚ್ಚು ಜಿಲ್ಲೆಗಳಿಲ್ಲ. ಆದರೆ ತನ್ನ ಜಿಲ್ಲೆ ಯಾವ ಕಂದಾಯ ವಿಭಾಗಕ್ಕೆ ಸೇರಿದ್ದು ಎಂದು ಅರ್ಜಿದಾರನಿಗೆ ತಿಳಿದಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಎರಡನೆಯದು 2007ರ ಆವೃತ್ತಿಯಲ್ಲಿ ಬಂದ ‘ಕಂಟೆಂಟ್ ಕಂಟ್ರೋಲ್’. ಇದಕ್ಕೆ 25ರ ಮಿತಿ ಇಲ್ಲ. ಕಡತದ ರಕ್ಷಣೆಯೂ ಕಡ್ಡಾಯವಲ್ಲ. ಪಟ್ಟಿಯ ಪ್ರತಿಯೊಂದು ಅಂಶಕ್ಕೂ ತೆರೆಯ ಮೇಲೆ ಕಾಣುವ ಹೆಸರು ಮತ್ತು ಒಳಗೆ ಉಳಿಯುವ ಮೌಲ್ಯ ಎಂಬ ಎರಡು ಭಾಗಗಳಿರುತ್ತವೆ. ಒಂದೇ ಪಟ್ಟಿಯಲ್ಲಿ ಒಂದೇ ಹೆಸರನ್ನು ಎರಡು ಬಾರಿ ಸೇರಿಸಲಾಗದು. ಹೊಸದಾಗಿ ನಮೂನೆ ಸಿದ್ಧಪಡಿಸುವವರು ಈ ಬಗೆಯನ್ನೇ ಆರಿಸಿಕೊಳ್ಳುವುದು ಉಚಿತ.

ರಚನೆಯ ಕ್ರಮ

ವರ್ಡ್‌ನಲ್ಲಿ ಮ್ಯಾಕ್ರೊಗಳನ್ನು ‘ವಿಷುಯಲ್ ಬೇಸಿಕ್ ಫಾರ್ ಅಪ್ಲಿಕೇಷನ್ಸ್’ ಎಂಬ ಭಾಷೆಯಲ್ಲಿ ಬರೆಯಲಾಗುತ್ತದೆ. ವರ್ಡ್ 97ರಿಂದ ಇದು ಬಳಕೆಯಲ್ಲಿದೆ. ಅದಕ್ಕೂ ಮುನ್ನ ‘ವರ್ಡ್‌ಬೇಸಿಕ್’ ಎಂಬ ಭಾಷೆಯಿತ್ತು.

ಮೊದಲಿಗೆ ವರ್ಡ್‌ನ ಆಯ್ಕೆಗಳಲ್ಲಿ ‘ಡೆವಲಪರ್’ ಟ್ಯಾಬನ್ನು ಸಕ್ರಿಯಗೊಳಿಸಿ, ಅಲ್ಲಿಂದ ಎರಡು ಡ್ರಾಪ್‌ಡೌನ್ ಕಂಟ್ರೋಲ್‌ಗಳನ್ನು ನಮೂನೆಯಲ್ಲಿ ಸೇರಿಸಬೇಕು. ‘ಪ್ರಾಪರ್ಟೀಸ್’ ಚೌಕದಲ್ಲಿ ಒಂದೊಂದಕ್ಕೂ ಗುರುತಿನ ಟ್ಯಾಗ್ ಕೊಡಬೇಕು. ಈ ಟ್ಯಾಗ್ ರೋಮನ್ ಲಿಪಿಯಲ್ಲಿದ್ದರೆ ಅನುಕೂಲ. ಕಾರಣವನ್ನು ಮುಂದೆ ವಿವರಿಸಲಾಗಿದೆ. ಜಿಲ್ಲೆಯ ಪಟ್ಟಿಯನ್ನು ಇದೇ ಚೌಕದಲ್ಲಿ ತುಂಬಿ, ಪ್ರತಿ ಜಿಲ್ಲೆಗೂ ಒಂದು ಸಂಕೇತಸಂಖ್ಯೆಯನ್ನು ಮೌಲ್ಯವಾಗಿ ನಮೂದಿಸಬೇಕು. ತಾಲ್ಲೂಕಿನ ಪಟ್ಟಿಯನ್ನು ಖಾಲಿ ಬಿಡಬೇಕು.

ಅನಂತರ ಆಲ್ಟ್ ಮತ್ತು ಎಫ್11 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಮ್ಯಾಕ್ರೊ ಸಂಪಾದಕ ತೆರೆಯುತ್ತದೆ. ಅದರಲ್ಲಿ ‘ದಿಸ್ ಡಾಕ್ಯುಮೆಂಟ್’ ಎಂಬ ಭಾಗದೊಳಗೆ ‘ಕಂಟೆಂಟ್ ಕಂಟ್ರೋಲ್ ಆನ್ ಎಕ್ಸಿಟ್’ ಎಂಬ ಇವೆಂಟ್‌ಗೆ ಆದೇಶಗಳನ್ನು ಬರೆಯಬೇಕು. ಬಳಕೆದಾರನು ಯಾವುದೇ ಕಂಟ್ರೋಲ್‌ನಿಂದ ಹೊರಬಂದಾಗ ಈ ಆದೇಶಗಳು ಜಾರಿಗೊಳ್ಳುತ್ತವೆ. ಆದ್ದರಿಂದ ಮೊದಲ ಸಾಲಿನಲ್ಲಿಯೇ ಟ್ಯಾಗನ್ನು ಪರೀಕ್ಷಿಸಿ, ಹೊರಬಂದದ್ದು ಜಿಲ್ಲೆಯ ಪಟ್ಟಿಯಿಂದ ಅಲ್ಲವಾದರೆ ಅಲ್ಲಿಗೇ ನಿಲ್ಲಿಸಬೇಕು. ಜಿಲ್ಲೆಯದೇ ಆಗಿದ್ದರೆ, ಪಟ್ಟಿಯ ಅಂಶಗಳನ್ನು ಒಂದೊಂದಾಗಿ ಹೋಲಿಸಿ, ಆಯ್ಕೆಯಾದ ಹೆಸರಿಗೆ ಸೇರಿದ ಸಂಕೇತಸಂಖ್ಯೆಯನ್ನು ಪಡೆಯಬೇಕು. ಬಳಿಕ ತಾಲ್ಲೂಕಿನ ಪಟ್ಟಿಯ ಹಳೆಯ ಅಂಶಗಳನ್ನು ‘ಕ್ಲಿಯರ್’ ಆದೇಶದಿಂದ ಅಳಿಸಿ, ಆ ಸಂಕೇತಕ್ಕೆ ಸೇರಿದ ಹೆಸರುಗಳನ್ನು ‘ಆಡ್’ ಆದೇಶದಿಂದ ಒಂದೊಂದಾಗಿ ಸೇರಿಸಬೇಕು. ಶಿವಮೊಗ್ಗ ಎಂದಾದರೆ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಸಾಗರ, ಹೊಸನಗರ, ಸೊರಬ, ಶಿಕಾರಿಪುರ ಎಂಬ ಏಳು ಹೆಸರುಗಳು ಸೇರುತ್ತವೆ. ಯಾವ ಸಂಕೇತಕ್ಕೆ ಯಾವ ಹೆಸರುಗಳು ಎಂಬುದನ್ನು ‘ಸೆಲೆಕ್ಟ್ ಕೇಸ್’ ರಚನೆಯಿಂದ ನಿರ್ಧರಿಸುವುದು ವಾಡಿಕೆ.

ಹಳೆಯ ಫಾರ್ಮ್ ಫೀಲ್ಡ್‌ನಲ್ಲಿಯೂ ಕ್ರಮ ಬಹುಮಟ್ಟಿಗೆ ಇದೇ. ವ್ಯತ್ಯಾಸವೆಂದರೆ ಅಲ್ಲಿ ಮ್ಯಾಕ್ರೊ ಸಾಮಾನ್ಯ ಮಾಡ್ಯೂಲ್‌ನಲ್ಲಿರುತ್ತದೆ. ಅದರ ಹೆಸರನ್ನು ಮೊದಲ ಫೀಲ್ಡ್‌ನ ‘ಎಕ್ಸಿಟ್’ ಸ್ಥಾನದಲ್ಲಿ ನಮೂದಿಸಬೇಕು. ಫೀಲ್ಡ್‌ಗಳನ್ನು ಟ್ಯಾಗ್‌ಗೆ ಬದಲಾಗಿ ಬುಕ್‌ಮಾರ್ಕ್ ಹೆಸರಿನಿಂದ ಗುರುತಿಸಬೇಕು.

ಎಚ್ಚರ ವಹಿಸಬೇಕಾದ ಸಂಗತಿಗಳು

ಇವುಗಳಲ್ಲಿ ಅತಿ ಮುಖ್ಯವಾದದ್ದು ಹಳೆಯ ಆಯ್ಕೆ ಉಳಿದುಬಿಡುವ ಸಮಸ್ಯೆ. ಕಂಟೆಂಟ್ ಕಂಟ್ರೋಲ್‌ನಲ್ಲಿ ಪಟ್ಟಿಯ ಅಂಶಗಳನ್ನು ಅಳಿಸಿದ ಮಾತ್ರಕ್ಕೆ, ತೆರೆಯ ಮೇಲೆ ಅದಾಗಲೇ ಆಯ್ಕೆಯಾಗಿ ಕಾಣುತ್ತಿರುವ ಹೆಸರು ಅಳಿಯುವುದಿಲ್ಲ. ಒಬ್ಬರು ಮೊದಲು ಶಿವಮೊಗ್ಗ, ಸಾಗರ ಎಂದು ಆರಿಸಿ, ಅನಂತರ ಜಿಲ್ಲೆಯನ್ನು ಕೊಡಗು ಎಂದು ಬದಲಿಸಿದರೆಂದು ಭಾವಿಸೋಣ. ಪಟ್ಟಿಯೊಳಗೆ ಮಡಿಕೇರಿ, ವಿರಾಜಪೇಟೆ ಮೊದಲಾದವು ಬಂದಿರುತ್ತವೆ. ಮೇಲೆ ಮಾತ್ರ ‘ಸಾಗರ’ ಹಾಗೆಯೇ ನಿಂತಿರುತ್ತದೆ. ಯಾವ ಅಸಂಗತಿಯನ್ನು ತಡೆಯಲೆಂದು ಇಷ್ಟೆಲ್ಲ ಶ್ರಮಪಟ್ಟೆವೋ ಅದೇ ಅಸಂಗತಿ, ಈಗ ಯಂತ್ರವೇ ಪರಿಶೀಲಿಸಿದೆ ಎಂಬ ಹುಸಿ ಭರವಸೆಯೊಡನೆ, ಮರಳಿ ಬರುತ್ತದೆ. ಡ್ರಾಪ್‌ಡೌನ್ ಕಂಟ್ರೋಲ್‌ನ ಪಠ್ಯವನ್ನು ಮ್ಯಾಕ್ರೊ ನೇರವಾಗಿ ತಿದ್ದಲಾಗದು. ಆದ್ದರಿಂದ ಕಂಟ್ರೋಲ್‌ನ ಬಗೆಯನ್ನು ತಾತ್ಕಾಲಿಕವಾಗಿ ಸಾಮಾನ್ಯ ಪಠ್ಯವೆಂದು ಬದಲಿಸಿ, ಒಳಗಿನ ಹೆಸರನ್ನು ಅಳಿಸಿ, ಮತ್ತೆ ಡ್ರಾಪ್‌ಡೌನ್ ಎಂದು ಮಾಡುವ ಉಪಾಯ ರೂಢಿಯಲ್ಲಿದೆ. ‘ತಾಲ್ಲೂಕನ್ನು ಆರಿಸಿ’ ಎಂಬ ಅಂಶವನ್ನು ಪಟ್ಟಿಯ ಮೊದಲಿಗೆ ಸೇರಿಸಿ, ‘ಸೆಲೆಕ್ಟ್’ ಆದೇಶದಿಂದ ಅದನ್ನೇ ಆಯ್ಕೆಯಾಗಿಸುವುದು ಇನ್ನೊಂದು ದಾರಿ. ಹಳೆಯ ಫಾರ್ಮ್ ಫೀಲ್ಡ್‌ನಲ್ಲಿ ಸಮಸ್ಯೆಯ ರೂಪ ಬೇರೆ. ಅಲ್ಲಿ ಹೊಸ ಪಟ್ಟಿಯ ಮೊದಲ ಹೆಸರೇ ತಾನಾಗಿ ಆಯ್ಕೆಗೊಂಡಂತೆ ಕಾಣುತ್ತದೆ. ಬಳಕೆದಾರನು ಗಮನಿಸದೆ ಮುಂದುವರಿದರೆ ಆ ಹೆಸರೇ ದಾಖಲಾಗುತ್ತದೆ. ಅಲ್ಲಿಯೂ ಸೂಚನೆಯ ಸಾಲೊಂದು ಮೊದಲ ಅಂಶವಾಗಿರುವುದು ಅಗತ್ಯ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ನಿರ್ಗಮನದ ಇವೆಂಟ್, ಆಯ್ಕೆ ಬದಲಾಗದಿದ್ದರೂ ನಡೆಯುತ್ತದೆ. ಎಲ್ಲವನ್ನೂ ತುಂಬಿ ಮುಗಿಸಿದವರು ಮತ್ತೊಮ್ಮೆ ಜಿಲ್ಲೆಯ ಮೇಲೆ ಕ್ಲಿಕ್ ಮಾಡಿ ಹೊರಬಂದರೆ, ಸರಿಯಾಗಿಯೇ ಇದ್ದ ತಾಲ್ಲೂಕು ಅಳಿದುಹೋಗುತ್ತದೆ. ಹಿಂದಿನ ಜಿಲ್ಲೆಯ ಸಂಕೇತವನ್ನು ಕಡತದ ಒಂದು ‘ಡಾಕ್ಯುಮೆಂಟ್ ವೇರಿಯಬಲ್’ನಲ್ಲಿ ಉಳಿಸಿಕೊಂಡು, ಅದು ಬದಲಾಗಿದ್ದರೆ ಮಾತ್ರ ಮುಂದುವರಿಯುವಂತೆ ಬರೆದರೆ ಇದನ್ನು ತಪ್ಪಿಸಬಹುದು. ಮೊದಲ ಸಲ ಆ ವೇರಿಯಬಲ್ ಇನ್ನೂ ಸೃಷ್ಟಿಯಾಗಿರುವುದಿಲ್ಲ ಎಂಬುದನ್ನು ಮ್ಯಾಕ್ರೊ ಬರೆಯುವವರು ಮರೆಯಬಾರದು.

ಕಡತಕ್ಕೆ ರಕ್ಷಣೆ ಇರುವಾಗ ಮ್ಯಾಕ್ರೊದ ಕೆಲವು ಕೆಲಸಗಳು ನಡೆಯುವುದಿಲ್ಲ. ಆಗ ರಕ್ಷಣೆಯನ್ನು ತೆಗೆದು, ಕೆಲಸ ಮುಗಿಸಿ, ಮತ್ತೆ ಹಾಕಬೇಕು. ಮತ್ತೆ ಹಾಕುವಾಗ ‘ನೋ ರೀಸೆಟ್’ ಎಂಬ ಅಂಶವನ್ನು ‘ಟ್ರೂ’ ಎಂದು ಕೊಡದಿದ್ದರೆ, ಹಳೆಯ ಬಗೆಯ ಫೀಲ್ಡ್‌ಗಳಲ್ಲಿ ಅದುವರೆಗೆ ತುಂಬಿದ್ದೆಲ್ಲವೂ ಮೂಲಸ್ಥಿತಿಗೆ ಮರಳುತ್ತದೆ. ಅರ್ಧ ಗಂಟೆ ಕುಳಿತು ತುಂಬಿದ ಅರ್ಜಿ ಕ್ಷಣಾರ್ಧದಲ್ಲಿ ಖಾಲಿಯಾಗುವುದಕ್ಕೆ ಈ ಒಂದು ಪದದ ಲೋಪ ಸಾಕು.

ನಮೂನೆಯನ್ನು ಟೆಂಪ್ಲೇಟ್ ಆಗಿ ಉಳಿಸುವುದಾದರೆ, ಮ್ಯಾಕ್ರೊದೊಳಗೆ ‘ದಿಸ್ ಡಾಕ್ಯುಮೆಂಟ್’ ಎಂಬುದು ಟೆಂಪ್ಲೇಟನ್ನೇ ಸೂಚಿಸುತ್ತದೆ, ಅದರಿಂದ ಹುಟ್ಟಿದ ಹೊಸ ಕಡತವನ್ನಲ್ಲ. ಅಲ್ಲಿ ‘ಆಕ್ಟಿವ್ ಡಾಕ್ಯುಮೆಂಟ್’ ಎಂದು ಬರೆಯಬೇಕು.

ಕನ್ನಡದಲ್ಲಿ ಎದುರಾಗುವ ತೊಡಕುಗಳು

ವರ್ಡ್ ತಾನೇ ಯುನಿಕೋಡ್ ಕನ್ನಡವನ್ನು ಚೆನ್ನಾಗಿ ನಿಭಾಯಿಸುತ್ತದೆಯಾದರೂ, ಅದರ ಮ್ಯಾಕ್ರೊ ಸಂಪಾದಕ ಯುನಿಕೋಡ್‌ಗೆ ಹೊಂದಿಕೊಂಡಿಲ್ಲ. ಅದು ಯುನಿಕೋಡ್ ಪೂರ್ವದ ಕೋಡ್‌ಪೇಜ್ ಪದ್ಧತಿಯನ್ನು ನೆಚ್ಚಿಕೊಂಡಿದೆ; ಆ ಪದ್ಧತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿರಲಿಲ್ಲ. ಹೀಗಾಗಿ ಸಂಪಾದಕದಲ್ಲಿ ‘ಕೊಡಗು’ ಎಂದು ಬರೆದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮೂಡುತ್ತದೆ. ಇಂಗ್ಲಿಷಿನ ಉದಾಹರಣೆಯನ್ನು ನೋಡಿ ಮ್ಯಾಕ್ರೊ ಕಲಿತ ಕನ್ನಡ ವಿದ್ಯಾರ್ಥಿಗೆ ಮೊದಲು ಎದುರಾಗುವ ಅಡ್ಡಿ ಇದು, ದೋಷ ವಿದ್ಯಾರ್ಥಿಯದಲ್ಲ.

ಇದಕ್ಕೆ ಎರಡು ಪರಿಹಾರಗಳಿವೆ. ಮೊದಲನೆಯದು, ಪ್ರತಿ ಅಕ್ಷರವನ್ನೂ ಅದರ ಯುನಿಕೋಡ್ ಸಂಖ್ಯೆಯಿಂದ ರಚಿಸುವ ‘ಸಿಎಚ್‌ಆರ್‌ಡಬ್ಲ್ಯು’ ಎಂಬ ಫಂಕ್ಷನ್. ‘ಕೊಡಗು’ ಎಂಬ ಪದಕ್ಕೆ 3221, 3274, 3233, 3223, 3265 ಎಂಬ ಐದು ಸಂಖ್ಯೆಗಳನ್ನು ಕ್ರಮವಾಗಿ ಜೋಡಿಸಬೇಕು. ಒಂದೆರಡು ಪದಗಳಿಗೆ ಇದು ಸರಿ. ರಾಜ್ಯದ ಎಲ್ಲ ತಾಲ್ಲೂಕುಗಳನ್ನು ಹೀಗೆ ಬರೆಯಹೊರಡುವುದು ತಾಳ್ಮೆಯ ಪರೀಕ್ಷೆ, ತಪ್ಪಾದರೆ ಕಂಡುಹಿಡಿಯುವುದೂ ಕಷ್ಟ. ಎರಡನೆಯದು ಮತ್ತು ಉತ್ತಮವಾದದ್ದು, ಹೆಸರುಗಳನ್ನು ಮ್ಯಾಕ್ರೊದಲ್ಲಿ ಬರೆಯದೆ ವರ್ಡ್ ಕಡತವೊಂದರ ಕೋಷ್ಟಕದಲ್ಲಿಡುವುದು. ಒಂದು ಅಂಕಣದಲ್ಲಿ ಜಿಲ್ಲೆಯ ಸಂಕೇತ, ಇನ್ನೊಂದರಲ್ಲಿ ತಾಲ್ಲೂಕಿನ ಹೆಸರು ಇರಲಿ. ಮ್ಯಾಕ್ರೊ ಆ ಕೋಷ್ಟಕವನ್ನು ಓದಿಕೊಂಡು ಪಟ್ಟಿಯನ್ನು ತುಂಬಲಿ. ಆಡಳಿತದ ಗಡಿಗಳು ಬದಲಾದಾಗ ಮ್ಯಾಕ್ರೊ ಮುಟ್ಟದೆ ಕೋಷ್ಟಕವನ್ನಷ್ಟೇ ತಿದ್ದಿದರೆ ಸಾಕು ಎಂಬುದು ಇದರ ಹೆಚ್ಚುವರಿ ಲಾಭ. ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರೂಪುಗೊಂಡದ್ದು 2021ರಲ್ಲಿ. ಕೊಡಗಿಗೆ ಪೊನ್ನಂಪೇಟೆ, ಕುಶಾಲನಗರ ಎಂಬ ತಾಲ್ಲೂಕುಗಳು ಸೇರಿದ್ದೂ ಈಚೆಗೇ. ಕೋಷ್ಟಕದ ಕೋಶವನ್ನು ಓದುವಾಗ ಪಠ್ಯದ ಕೊನೆಯಲ್ಲಿ ಕಣ್ಣಿಗೆ ಕಾಣದ ಎರಡು ಅಂತ್ಯಸೂಚಕ ಅಕ್ಷರಗಳು ಸೇರಿಬರುತ್ತವೆ; ಅವನ್ನು ಕತ್ತರಿಸಿ ತೆಗೆಯಬೇಕು.

ಹೋಲಿಕೆಗೆ ಹೆಸರಿನ ಬದಲು ಸಂಕೇತಸಂಖ್ಯೆಯನ್ನು ಬಳಸಬೇಕೆನ್ನುವುದಕ್ಕೂ ಕನ್ನಡ ಲಿಪಿಯ ಸ್ವರೂಪವೇ ಕಾರಣ. ಯುನಿಕೋಡ್‌ನಲ್ಲಿ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯಾಗಿಯೂ ಬರೆಯಬಹುದು. ದೀರ್ಘ ಚಿಹ್ನೆಗಳಿಗೂ ಇಂತಹ ಎರಡು ರೂಪಗಳಿವೆ. ಕಣ್ಣಿಗೆ ಎರಡೂ ಒಂದೇ. ಮ್ಯಾಕ್ರೊಗೆ ಅವು ಬೇರೆ ಬೇರೆ ಪದಗಳು. ಪದದ ನಡುವೆ ಅದೃಶ್ಯ ವಿಭಾಜಕವೊಂದು ಸೇರಿಕೊಂಡಿದ್ದರೂ ಹೋಲಿಕೆ ತಪ್ಪುತ್ತದೆ.

ನುಡಿ, ಬರಹಗಳ ಯುನಿಕೋಡ್ ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ನಮೂನೆಗಳಿಗೆ ಈ ವಿಧಾನ ಒಗ್ಗುವುದಿಲ್ಲ. ಅವುಗಳಲ್ಲಿ ಅಡಗಿರುವುದು ರೋಮನ್ ಅಕ್ಷರಗಳೇ. ಕಡತದ ಪುಟದ ಮೇಲೆ ಫಾಂಟ್‌ನ ಬಲದಿಂದ ಕನ್ನಡವಾಗಿ ತೋರುವ ಪದ, ತೆರೆದುಕೊಂಡ ಪಟ್ಟಿಯಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಂಡು ಮುಂದುವರಿಯಬೇಕು.

ಸುರಕ್ಷತೆ

ಮ್ಯಾಕ್ರೊ ಇರುವ ಕಡತವನ್ನು ‘ಡಾಕ್‌ಎಂ’ ಅಥವಾ ‘ಡಾಟ್‌ಎಂ’ ರೂಪದಲ್ಲಿ ಉಳಿಸಬೇಕು. ‘ಡಾಕ್‌ಎಕ್ಸ್’ ರೂಪದ ಕಡತದಲ್ಲಿ ಮ್ಯಾಕ್ರೊ ಉಳಿಯುವುದಿಲ್ಲ. ಮ್ಯಾಕ್ರೊಗಳ ಮೂಲಕ ವೈರಸ್‌ಗಳು ಹರಡಿದ ಇತಿಹಾಸವಿದೆ. 1995ರ ‘ಕಾನ್ಸೆಪ್ಟ್’ ಮತ್ತು 1999ರ ಮಾರ್ಚ್ ತಿಂಗಳಿನಲ್ಲಿ ಮಿಂಚಂಚೆಯ ಮೂಲಕ ಹಬ್ಬಿದ ‘ಮೆಲಿಸ್ಸಾ’ ಇವುಗಳಲ್ಲಿ ಕುಖ್ಯಾತವಾದವು. 2022ರಿಂದ ಮೈಕ್ರೋಸಾಫ್ಟ್ ಸಂಸ್ಥೆಯು ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೊಗಳನ್ನು ತಾನಾಗಿಯೇ ತಡೆಯುವ ವ್ಯವಸ್ಥೆಯನ್ನು ಜಾರಿಗೆ ತಂದಿದೆ. ವರ್ಡ್‌ನ ಜಾಲ ಆವೃತ್ತಿಯಲ್ಲಿಯೂ ಮೊಬೈಲ್ ಆವೃತ್ತಿಯಲ್ಲಿಯೂ ಮ್ಯಾಕ್ರೊಗಳು ನಡೆಯುವುದಿಲ್ಲ.

ಆದ್ದರಿಂದ ಒಂದೇ ಕಚೇರಿಯೊಳಗೆ, ವಿಶ್ವಾಸಾರ್ಹವೆಂದು ಗುರುತಿಸಿದ ಫೋಲ್ಡರ್‌ನಿಂದ ಬಳಸುವ ನಮೂನೆಗೆ ಈ ವಿಧಾನ ಸೂಕ್ತ. ಸಾರ್ವಜನಿಕರಿಗೆ ಮಿಂಚಂಚೆಯಲ್ಲಿ ಕಳುಹಿಸುವ ಅರ್ಜಿಗೆ ಇದು ತಕ್ಕುದಲ್ಲ. ಮ್ಯಾಕ್ರೊ ನಡೆಯದಿದ್ದಾಗ ತಾಲ್ಲೂಕಿನ ಪಟ್ಟಿ ಖಾಲಿಯಾಗಿಯೇ ಉಳಿದು, ಅರ್ಜಿದಾರನು ಅದನ್ನು ತುಂಬಲಾಗದೆ ನಿಲ್ಲಬೇಕಾಗುತ್ತದೆ. ಅಂತಹ ಅರ್ಜಿಗಳಲ್ಲಿ ‘ಶಿವಮೊಗ್ಗ – ಸಾಗರ’, ‘ಕೊಡಗು – ಮಡಿಕೇರಿ’ ಎಂಬಂತೆ ಜಿಲ್ಲೆ, ತಾಲ್ಲೂಕುಗಳನ್ನು ಜೋಡಿಸಿ ಒಂದೇ ಪಟ್ಟಿ ಮಾಡುವುದು ಮೇಲು. ಪಟ್ಟಿ ಉದ್ದವಾಗುತ್ತದೆ, ಆದರೆ ಮ್ಯಾಕ್ರೊ ಬೇಕಾಗುವುದಿಲ್ಲ.

ಲಿಬ್ರೆ ಆಫೀಸ್ ರೈಟರ್‌ನಲ್ಲಿ

ಮುಕ್ತ ತಂತ್ರಾಂಶವಾದ ಲಿಬ್ರೆ ಆಫೀಸ್ ರೈಟರ್‌ನಲ್ಲಿ ‘ಲಿಸ್ಟ್ ಬಾಕ್ಸ್’ ಎಂಬ ನಮೂನೆ ಕಂಟ್ರೋಲ್‌ನಿಂದ ಇದೇ ಫಲವನ್ನು ಪಡೆಯಬಹುದು. ಇಲ್ಲಿ ‘ಐಟಂ ಸ್ಟೇಟಸ್ ಚೇಂಜ್ಡ್’ ಎಂಬ ಇವೆಂಟ್ ಇರುವುದರಿಂದ, ಬಳಕೆದಾರನು ಹೊರಬರುವವರೆಗೆ ಕಾಯದೆ ಆಯ್ಕೆ ಬದಲಾದೊಡನೆಯೇ ಮ್ಯಾಕ್ರೊ ಜಾರಿಗೊಳ್ಳುತ್ತದೆ. ಎರಡನೆಯ ಪಟ್ಟಿಯ ‘ಸ್ಟ್ರಿಂಗ್ ಐಟಂ ಲಿಸ್ಟ್’ ಎಂಬ ಗುಣಕ್ಕೆ ಹೊಸ ಹೆಸರುಗಳ ಸರಣಿಯನ್ನು ಒಟ್ಟಾಗಿ ಕೊಟ್ಟರೆ ಸಾಕು, ಒಂದೊಂದಾಗಿ ಸೇರಿಸಬೇಕಾಗಿಲ್ಲ. ಇದರ ಬೇಸಿಕ್ ಸಂಪಾದಕದಲ್ಲಿ ಕನ್ನಡ ಪದಗಳನ್ನು ನೇರವಾಗಿ ಬರೆಯಬಹುದಾದ್ದರಿಂದ ಸಂಖ್ಯೆಗಳನ್ನು ಜೋಡಿಸುವ ಶ್ರಮವೂ ಇಲ್ಲ. ಪರೀಕ್ಷಿಸುವಾಗ ‘ಡಿಸೈನ್ ಮೋಡ್’ ಸ್ಥಗಿತಗೊಂಡಿರಬೇಕು. ಇಲ್ಲವಾದರೆ ಪಟ್ಟಿಗಳು ತೆರೆಯುವುದೇ ಇಲ್ಲ. ವರ್ಡ್‌ಗಾಗಿ ಬರೆದ ಮ್ಯಾಕ್ರೊವನ್ನು ಇಲ್ಲಿಗೆ ಹಾಗೆಯೇ ತರಲು ಸಾಧ್ಯವಿಲ್ಲ. ಎರಡರ ಕಂಟ್ರೋಲ್‌ಗಳೂ ಆದೇಶಗಳೂ ಬೇರೆಯಾದ್ದರಿಂದ ಹೊಸದಾಗಿಯೇ ಬರೆಯಬೇಕು.