ನೋಟಾ ಒತ್ತಿದ್ರೆ ಏನಾಗುತ್ತೆ? ‘ಇವರಿಲ್ಲ ಅಂದ್ರೆ ಅವರು’ ಅನ್ನೋ ಮತದಾರರಿಗೆ ಇಲ್ಲಿದೆ ಪೂರ್ತಿ ಮಾಹಿತಿ

ಮೈಸೂರು: ಚುನಾವಣೆ ಹತ್ತಿರ ಬಂತು ಅಂದ್ರೆ ಮಂಡಿ ಮೊಹಲ್ಲಾದ ಟೀ ಅಂಗಡಿಗಳಲ್ಲಿ ಒಂದು ಮಾತು ಕೇಳಿಬರುತ್ತೆ. ‘ಯಾರಿಗೆ ಹಾಕಿದ್ರೂ ಅಷ್ಟೇ ಬಿಡಿ, ಇವರಿಲ್ಲ ಅಂದ್ರೆ ಅವರು.’ ಅದರ ಹಿಂದೆಯೇ ಇನ್ನೊಬ್ಬರು, ‘ನಾನು ಈ ಸಲ ನೋಟಾ’ ಅಂತಾರೆ. ನೋಟಾ ಒತ್ತಿದ್ರೆ ಏನಾಗುತ್ತೆ, ಏನಾಗಲ್ಲ, ಮೂರನೆಯವರು ನಿಲ್ಲೋಕೆ ಏನು ಬೇಕು ಅನ್ನೋದರ ವಿವರ ಇಲ್ಲಿದೆ.

ನೋಟಾ ಬಂದಿದ್ದು ಹೇಗೆ?

ಮೊದಲು ಯಾರಿಗೂ ಮತ ಬೇಡ ಅನ್ನೋರಿಗೆ 49-ಓ ಅನ್ನೋ ನಿಯಮ ಒಂದೇ ಇತ್ತು. ಮತಗಟ್ಟೆ ಅಧಿಕಾರಿಗೆ ಬಾಯಿಬಿಟ್ಟು ಹೇಳಿ, 17-ಎ ರಿಜಿಸ್ಟರ್‌ನಲ್ಲಿ ಬರೆಸಿ ಸಹಿ ಹಾಕಬೇಕಿತ್ತು. ಪಕ್ಕದಲ್ಲೇ ಎಲ್ಲ ಪಕ್ಷದ ಏಜೆಂಟರು ಕೂತಿರುತ್ತಾರೆ. ನಾಳೆ ಬೆಳಗ್ಗೆ ಅದೇ ಬೀದಿಯಲ್ಲಿ ಅಂಗಡಿ ಬಾಗಿಲು ತೆಗೆಯೋ ಮನುಷ್ಯ ಅವರೆದುರು ‘ನಿಮ್ಯಾರಿಗೂ ಇಲ್ಲ’ ಅನ್ನೋಕಾಗುತ್ತಾ?

ಮತದ ಗುಟ್ಟು ಉಳಿಯಲ್ಲ ಅಂತ ಪಿಯುಸಿಎಲ್ ಸಂಸ್ಥೆ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2013ರ ಸೆಪ್ಟೆಂಬರ್ 27ರಂದು ಮುಖ್ಯ ನ್ಯಾಯಮೂರ್ತಿ ಪಿ. ಸದಾಶಿವಂ ಅವರ ಪೀಠ, ಮತಯಂತ್ರದಲ್ಲೇ ‘ಮೇಲಿನ ಯಾರೂ ಅಲ್ಲ’ ಅನ್ನೋ ಬಟನ್ ಇಡಬೇಕು ಅಂತ ತೀರ್ಪು ಕೊಟ್ಟಿತು. ಕರ್ನಾಟಕದವರು ಅದನ್ನ ಮೊದಲು ನೋಡಿದ್ದು 2014ರ ಲೋಕಸಭೆ ಚುನಾವಣೆಯಲ್ಲಿ.

ಒತ್ತಿದ್ರೆ ಏನಾಗುತ್ತೆ?

ಎಣಿಕೆ ಆಗುತ್ತೆ, ಫಲಿತಾಂಶದ ಪಟ್ಟಿಯಲ್ಲಿ ಬರುತ್ತೆ. ಅಷ್ಟೇ. ಲೋಕಸಭೆ, ವಿಧಾನಸಭೆ ಚುನಾವಣೆಯಲ್ಲಿ ನೋಟಾಗೆ ಎಲ್ಲರಿಗಿಂತ ಜಾಸ್ತಿ ಬಿದ್ದರೂ, ಅಭ್ಯರ್ಥಿಗಳಲ್ಲಿ ಯಾರಿಗೆ ಹೆಚ್ಚು ಬಂದಿದೆಯೋ ಅವರೇ ಗೆದ್ದಂಗೆ. ಮರುಚುನಾವಣೆ ಇಲ್ಲ. ಠೇವಣಿ ಉಳಿಸಿಕೊಳ್ಳೋಕೆ ಸಿಂಧು ಮತಗಳಲ್ಲಿ ಆರನೇ ಒಂದು ಭಾಗ ಬೇಕಲ್ಲ, ಆ ಲೆಕ್ಕಕ್ಕೂ ನೋಟಾ ಸೇರಲ್ಲ. ಅಂದ್ರೆ ನೋಟಾ ಒತ್ತಿ ಯಾರ ಠೇವಣಿಯನ್ನೂ ಕಳೆಯೋಕಾಗಲ್ಲ.

ಇಂದೋರ್ ಇದಕ್ಕೆ ದೊಡ್ಡ ಉದಾಹರಣೆ. 2024ರಲ್ಲಿ ಅಲ್ಲಿ ಕಾಂಗ್ರೆಸ್ ಅಭ್ಯರ್ಥಿ ನಾಮಪತ್ರ ವಾಪಸ್ ತಗೊಂಡರು. ನೋಟಾ ಒತ್ತಿ ಅಂತ ಕಾಂಗ್ರೆಸ್ಸೇ ಪ್ರಚಾರ ಮಾಡಿತು. 2.18 ಲಕ್ಷಕ್ಕೂ ಹೆಚ್ಚು ಜನ ಒತ್ತಿದರು, ದೇಶದಲ್ಲೇ ದಾಖಲೆ. ಬಿಜೆಪಿಯ ಶಂಕರ್ ಲಾಲ್ವಾನಿ 11 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಅದೇ ಚುನಾವಣೆಯಲ್ಲಿ ಸೂರತ್‌ನಲ್ಲಿ ಎದುರಾಳಿಗಳೇ ಉಳಿಯಲಿಲ್ಲ, ಅವಿರೋಧ ಆಯ್ಕೆ. ಮತದಾನವೇ ಇಲ್ಲ ಅಂದಮೇಲೆ ನೋಟಾ ಬಟನ್ ಎಲ್ಲಿಂದ ಬರಬೇಕು? ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗ 2018ರಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಬೇರೆ ನಿಯಮ ತಂದಿತು. ಅಲ್ಲಿ ನೋಟಾ ಗೆದ್ದರೆ ಮರುಚುನಾವಣೆ.

ಕರ್ನಾಟಕದಲ್ಲಿ 2018 ಮತ್ತು 2023ರ ವಿಧಾನಸಭೆ ಚುನಾವಣೆಗಳಲ್ಲಿ ನೋಟಾ ಒಂದು ಪರ್ಸೆಂಟನ್ನೂ ಮುಟ್ಟಿಲ್ಲ. ಅಂಗಡಿ ಮುಂದೆ ‘ನೋಟಾ’ ಅಂದೋರೆಲ್ಲ ಒಳಗೆ ಹೋಗಿ ಬೇರೆ ಬಟನ್ ಒತ್ತುತ್ತಾರೆ ಅಂತಲೇ ಲೆಕ್ಕ.

ಮೂರು ಇದ್ದದ್ದು ಎರಡಾಯ್ತು

ಹಳೇ ಮೈಸೂರು ಭಾಗದಲ್ಲಿ ಮೊದಲಿಂದ ಮೂರು ಬಾಗಿಲು ಇದ್ದವು: ಕಾಂಗ್ರೆಸ್, ಜೆಡಿಎಸ್, ಬಿಜೆಪಿ. 2023ರ ವಿಧಾನಸಭೆಯಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಗೆದ್ದವು. ಬಾಕಿ ಎಲ್ಲರೂ ಸೇರಿ ಬರೀ ನಾಲ್ಕು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೆಡಿಎಸ್ ಎನ್‌ಡಿಎ ಸೇರಿತು. ಎರಡರ ಮೇಲೂ ಬೇಸರ ಆದೋರು ಹೋಗ್ತಿದ್ದ ಮೂರನೇ ಬಾಗಿಲು ಅಲ್ಲಿಗೆ ಒಂದರ ಒಳಗೇ ಸೇರಿಕೊಂಡಂಗಾಯ್ತು. 2024ರ ಮೈಸೂರು-ಕೊಡಗು ಲೋಕಸಭೆ ಚುನಾವಣೆ ನೇರ ಹಣಾಹಣಿ. ಬಿಜೆಪಿಯ ಯದುವೀರ್ ಕೃಷ್ಣದತ್ತ ಚಾಮರಾಜ ಒಡೆಯರ್, ಕಾಂಗ್ರೆಸ್‌ನ ಎಂ. ಲಕ್ಷ್ಮಣ ವಿರುದ್ಧ ಸುಮಾರು 1.39 ಲಕ್ಷ ಮತಗಳಿಂದ ಗೆದ್ದರು.

ಚಾಮರಾಜ ಕ್ಷೇತ್ರದ ಪಟ್ಟಿ ನೋಡಿ: 2008 ಬಿಜೆಪಿ, 2013 ಕಾಂಗ್ರೆಸ್, 2018 ಬಿಜೆಪಿ, 2023 ಕಾಂಗ್ರೆಸ್. ಒಬ್ಬರ ಮೇಲಿನ ಸಿಟ್ಟು ಇನ್ನೊಬ್ಬರಿಗೆ ಮತ. ಪಕ್ಕದ ನರಸಿಂಹರಾಜ ಕ್ಷೇತ್ರದಲ್ಲಿ 2002ರ ಉಪಚುನಾವಣೆಯಿಂದ ಈಚೆಗೆ ಕಾಂಗ್ರೆಸ್‌ನ ತನ್ವೀರ್ ಸೇಠ್ ಗೆಲ್ಲುತ್ತಾ ಬಂದಿದ್ದಾರೆ. ಅಲ್ಲಿ 2013ರಲ್ಲಿ ಎಸ್‌ಡಿಪಿಐ ಎರಡನೇ ಸ್ಥಾನಕ್ಕೆ ಬಂದಿತ್ತು.

ಪಕ್ಷ ಬದಲಾದರೂ ಮುಖ ಬದಲಾಗಲ್ಲ ಅನ್ನೋ ದೂರೂ ಸುಳ್ಳಲ್ಲ. ಸಿ.ಎಚ್. ವಿಜಯಶಂಕರ್ 2004ರಲ್ಲಿ ಮೈಸೂರಿನಿಂದ ಬಿಜೆಪಿ ಸಂಸದ. 2019ರಲ್ಲಿ ಅದೇ ಬಿಜೆಪಿ ವಿರುದ್ಧ ಕಾಂಗ್ರೆಸ್ ಅಭ್ಯರ್ಥಿ. ಆಮೇಲೆ ಮತ್ತೆ ಬಿಜೆಪಿ. ಎಚ್. ವಿಶ್ವನಾಥ್ ಕಾಂಗ್ರೆಸ್‌ನಿಂದ ಸಂಸದ, ಜೆಡಿಎಸ್‌ನಿಂದ ಹುಣಸೂರು ಶಾಸಕ, 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿ. ಹುಣಸೂರಿನ ಜನ ಆ ಸಲ ಅವರನ್ನ ಸೋಲಿಸಿದರು, ಅದನ್ನೂ ಹೇಳಬೇಕು. ಆ ಉಪಚುನಾವಣೆ ನಡೆದ 15 ಕ್ಷೇತ್ರಗಳ ಪೈಕಿ 12ರಲ್ಲಿ ಬಿಜೆಪಿ ಗೆದ್ದಿತ್ತು.

ಮೂರನೆಯವರು ನಿಲ್ಲಬೇಕಂದ್ರೆ

25 ವರ್ಷ ಆಗಿರಬೇಕು. ವಿಧಾನಸಭೆಗೆ ಠೇವಣಿ 10 ಸಾವಿರ, ಲೋಕಸಭೆಗೆ 25 ಸಾವಿರ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅರ್ಧ. ಮಾನ್ಯತೆ ಪಡೆದ ಪಕ್ಷದವರಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ ಅದೇ ಕ್ಷೇತ್ರದ 10 ಮತದಾರರು ಬೇಕು. ಇಲ್ಲಿವರೆಗೆ ದೊಡ್ಡ ಕಷ್ಟ ಏನಿಲ್ಲ, ಹತ್ತು ಅಂಗಡಿಯವರು ಮನಸ್ಸು ಮಾಡಿದ್ರೆ ಆಗೋ ಕೆಲಸ.

ಕಷ್ಟ ಶುರುವಾಗೋದು ಆಮೇಲೆ. ಪಕ್ಷದ ಚಿಹ್ನೆ ಜನಕ್ಕೆ ಮೊದಲೇ ಗೊತ್ತು. ಪಕ್ಷೇತರರ ಚಿಹ್ನೆ ಅಂತಿಮವಾಗೋದು ನಾಮಪತ್ರ ವಾಪಸಾತಿ ಮುಗಿದ ಮೇಲೆ, ಅಲ್ಲಿಂದ ಮತದಾನಕ್ಕೆ ಸಾಮಾನ್ಯವಾಗಿ ಎರಡು ವಾರ. ಅಷ್ಟರಲ್ಲಿ ಹೊಲಿಗೆ ಯಂತ್ರವೋ ಗ್ಯಾಸ್ ಸಿಲಿಂಡರೋ ಮನೆಮನೆಗೆ ತಿಳಿಸಬೇಕು. ಮತಯಂತ್ರದಲ್ಲೂ ಮಾನ್ಯತೆ ಪಡೆದ ಪಕ್ಷಗಳ ಹೆಸರು ಮೇಲೆ, ಮಾನ್ಯತೆ ಇಲ್ಲದ ಪಕ್ಷಗಳು ಆಮೇಲೆ, ಪಕ್ಷೇತರರು ಕೆಳಗೆ, ಕೊನೆಗೆ ನೋಟಾ.

ಗೆದ್ದ ಉದಾಹರಣೆ ಪಕ್ಕದ ಜಿಲ್ಲೆಯಲ್ಲೇ ಇದೆ. 2019ರಲ್ಲಿ ಮಂಡ್ಯದಲ್ಲಿ ಸುಮಲತಾ ಅಂಬರೀಶ್ ಪಕ್ಷೇತರರಾಗಿ 1.25 ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಆದರೆ ಅವರ ಎದುರು ಬಿಜೆಪಿ ಅಭ್ಯರ್ಥಿ ಇರಲಿಲ್ಲ, ಬೆಂಬಲ ಕೊಟ್ಟಿತ್ತು. ಅಂಬರೀಶ್ ಅವರ ಹೆಸರೂ ಇತ್ತು. 2024ರಲ್ಲಿ ಆ ಸೀಟು ಮೈತ್ರಿ ಲೆಕ್ಕದಲ್ಲಿ ಜೆಡಿಎಸ್‌ಗೆ ಹೋಯಿತು, ಸುಮಲತಾ ಬಿಜೆಪಿ ಸೇರಿದರು. ಮೇಲುಕೋಟೆಯಲ್ಲಿ 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದಾಗಲೂ ಅಲ್ಲಿ ಕಾಂಗ್ರೆಸ್ ಬೆಂಬಲ ಇತ್ತು.

ಟಿವಿಯಲ್ಲಿ ಇಬ್ಬರೇ ಯಾಕೆ?

ಒಂದು ಕಾರಣ ದುಡ್ಡು. ವಿಧಾನಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಆದರೆ ಪಕ್ಷ ಪಕ್ಷದ ಹೆಸರಲ್ಲಿ ಮಾಡೋ ಖರ್ಚಿಗೆ ಮಿತಿಯೇ ಇಲ್ಲ. ದೂರದರ್ಶನ, ಆಕಾಶವಾಣಿಯಲ್ಲಿ ಉಚಿತ ಪ್ರಚಾರದ ಸಮಯ ಸಿಗೋದೂ ಮಾನ್ಯತೆ ಪಡೆದ ಪಕ್ಷಗಳಿಗೇ. ಇನ್ನು ಚಾನೆಲ್ ಚರ್ಚೆಗಳಲ್ಲಿ ಈ ಕಡೆ ಒಬ್ಬರು ಆ ಕಡೆ ಒಬ್ಬರು ಕೂತು ಕೂಗಾಡಿದ್ರೆ ಕಾರ್ಯಕ್ರಮ ಮುಗೀತು. ಮೂರನೆಯವರಿಗೆ ಕುರ್ಚಿ ಹಾಕೋರಿಲ್ಲ.

ಕಾಸಿಗೆ ಸುದ್ದಿ ತಡೆಯೋಕೆ ಪ್ರತಿ ಜಿಲ್ಲೆಯಲ್ಲೂ ಚುನಾವಣೆ ವೇಳೆ ಎಂಸಿಎಂಸಿ ಅನ್ನೋ ಮಾಧ್ಯಮ ನಿಗಾ ಸಮಿತಿ ಇರುತ್ತೆ. ಟಿವಿ, ಕೇಬಲ್, ಸೋಷಿಯಲ್ ಮೀಡಿಯಾ ರಾಜಕೀಯ ಜಾಹೀರಾತಿಗೆ ಮೊದಲೇ ಅದರ ಅನುಮತಿ ಬೇಕು. ಪ್ರಿಂಟಿಂಗ್ ಪ್ರೆಸ್‌ನವರು ಗಮನಿಸಿ: ಕರಪತ್ರ, ಪೋಸ್ಟರ್ ಮೇಲೆ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇಲ್ಲದಿದ್ದರೆ 127-ಎ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 2 ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ಕಾರ್ಪೊರೇಷನ್‌ನಲ್ಲಿ ಆಯ್ಕೆಯೇ ಇಲ್ಲದಂಗಾದಾಗ

ಚರಂಡಿ, ಕಸ, ಬೀದಿದೀಪಕ್ಕೆ ಮೊಹಲ್ಲಾದವರು ಹಿಡಿಯೋದು ಕಾರ್ಪೊರೇಟರನ್ನ. ಮೈಸೂರು ಪಾಲಿಕೆಯ 65 ವಾರ್ಡಿಗೆ 2018ರ ಆಗಸ್ಟ್ 31ರಂದು ಮತದಾನ ಆಯ್ತು. ಯಾರಿಗೂ ಬಹುಮತ ಬರಲಿಲ್ಲ. ಐದು ವರ್ಷದಲ್ಲಿ ಕಾಂಗ್ರೆಸ್, ಜೆಡಿಎಸ್, ಬಿಜೆಪಿ ಮೂರರವರೂ ಮೇಯರ್ ಗೌನು ಹಾಕಿದರು. ಜನ ಹಾಕಿದ್ದು ಒಂದೇ ಮತ, ಮೈತ್ರಿ ಮಾತ್ರ ಮೇಲಿಂದ ಮೇಲೆ ಬದಲಾಯ್ತು.

2023ರ ನವೆಂಬರ್‌ನಲ್ಲಿ ಅವಧಿ ಮುಗಿಯಿತು. ಅವಧಿ ಮುಗಿಯೋದರೊಳಗೆ ಚುನಾವಣೆ ಆಗಬೇಕು ಅನ್ನುತ್ತೆ ಸಂವಿಧಾನದ 243-ಯು ವಿಧಿ. ಆಗಲಿಲ್ಲ, ಪಾಲಿಕೆ ಆಡಳಿತಾಧಿಕಾರಿ ಕೈಗೆ ಹೋಯಿತು. ಎರಡು ಪಕ್ಷದಲ್ಲಿ ಯಾರು ಅನ್ನೋ ಜಗಳ ಹಾಗಿರಲಿ, ಬಾಗಿಲು ತಟ್ಟೋಕೆ ಒಬ್ಬ ಸದಸ್ಯನೂ ಇಲ್ಲದ ಸ್ಥಿತಿ ಅದು.

ಒಂದು ಮತದ ಬೆಲೆ

ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಮತದಿಂದ. ಚಾಮುಂಡೇಶ್ವರಿ ಕ್ಷೇತ್ರದ 2006ರ ಉಪಚುನಾವಣೆಯಲ್ಲಿ ಸಿದ್ದರಾಮಯ್ಯ 257 ಮತಗಳಿಂದ ಗೆದ್ದರು. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16.

ಅಭ್ಯರ್ಥಿ ಯಾರು ಅಂತ ನೋಡಬೇಕಂದ್ರೆ ಚುನಾವಣಾ ಆಯೋಗದ ಕೆವೈಸಿ ಆ್ಯಪ್‌ನಲ್ಲಿ ಆಸ್ತಿ, ಸಾಲ, ಕೇಸುಗಳ ಅಫಿಡವಿಟ್ ಸಿಗುತ್ತೆ. ದುಡ್ಡು, ಸೀರೆ ಹಂಚೋದು ಕಂಡ್ರೆ ಸಿ-ವಿಜಿಲ್ ಆ್ಯಪ್‌ನಲ್ಲಿ ಫೋಟೋ ಹಾಕಿ, ಹೆಸರು ಹೇಳದೆಯೂ ದೂರು ಕೊಡಬಹುದು. ಮತದಾನದ ದಿನ ಅಂಗಡಿ, ಮಂಡಿಗಳಲ್ಲಿ ಕೆಲಸ ಮಾಡೋ ಮತದಾರರಿಗೆ ಸಂಬಳ ಸಹಿತ ರಜೆ ಕೊಡಬೇಕು ಅಂತ 135-ಬಿ ಕಲಂ ಹೇಳುತ್ತೆ.

ಹೆಸರು ಸೇರಿಸೋಕೆ ನಮೂನೆ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ಪಟ್ಟಿಯಲ್ಲಿ ಹೆಸರಿದೆಯಾ ಅಂತ ಕೇಳೋಕೆ ಸಹಾಯವಾಣಿ 1950. ಬಾಡಿಗೆ ಮನೆ ಬದಲಿಸಿದೋರು ಮೊದಲು ಇದನ್ನ ನೋಡಿಕೊಳ್ಳಿ.